ಮೂವತ್ತೆರಡು ಪರ್ಸೆಂಟಿನ ಸೆರಗು

ಬನಹಟ್ಟಿಯ ಹೊಳಬಸಪ್ಪನವರಿಗೆ ಈ ಜಗತ್ತಿನಲ್ಲಿ ಎರಡರ ಮೇಲೆ ಸಿಟ್ಟಿತ್ತು. ಒಂದು, ಹೇಳದೆ ಕೇಳದೆ ಹೋಗುವ ಕರೆಂಟು. ಇನ್ನೊಂದು, ಹೆಂಡತಿ ಇಂದ್ರವ್ವ ಹೊಲಿಯುವ ಗವಸಣಿಗೆಗಳು. ಟೀವಿಗೊಂದು ಗವಸಣಿಗೆ, ಮಿಕ್ಸರಿಗೊಂದು ಗವಸಣಿಗೆ, ಗವಸಣಿಗೆ ಹೊಲಿಯುವ ಮಶಿನ್ನಿಗೂ ಒಂದು ಗವಸಣಿಗೆ. ಲ್ಯಾಂಡ್‌ಲೈನ್ ಫೋನು ತೀರಿಕೊಂಡು ನಾಲ್ಕು ವರ್ಷವಾಗಿದ್ದರೂ ಅದರ ಕಸೂತಿ ಹೊದಿಕೆ ಮಾತ್ರ ಗೂಡಿನಲ್ಲಿ ಉಬ್ಬಿಕೊಂಡೇ ಕೂತಿತ್ತು. (ಒಮ್ಮೆ ಬಂದಿದ್ದ ಬೀಗರೊಬ್ಬರು ದೇವರಿರಬೇಕೆಂದು ಅದಕ್ಕೆ ಕೈಮುಗಿದು ಹೋದರು. ಯಾರೂ ತಿದ್ದಲಿಲ್ಲ.)

"ನನಗೂ ಒಂದ್ ಹೊಲಿದ ಬಿಡು, ಧೂಳ ಕೂಡ್ರೂದರ ತಪ್ಪತೈತಿ," ಎಂದು ಹೊಳಬಸಪ್ಪನವರು ಒಮ್ಮೆ ಚುಚ್ಚಿದ್ದರು.

"ದುಬಾರಿ ಸಾಮಾನಕ್ಕಷ್ಟ ಹೊಲೀತೇನ್ರಿ," ಎಂದು ಇಂದ್ರವ್ವ ಸೂಜಿಯಿಂದ ಕಣ್ಣೆತ್ತದೆ ಹೇಳಿದ್ದಳು.

ಇತ್ತೀಚೆಗೆ ಈ ಭಾಗ್ಯ ಲ್ಯಾಪ್‌ಟಾಪಿಗೂ ಬಂದಿತ್ತು. ಅದು ಮಗಳು ಶ್ರೀದೇವಿ ಕಾಲೇಜಿಗೆಂದು ಸೆಕೆಂಡ್‌ಹ್ಯಾಂಡ್ ಕೊಂಡಿದ್ದ ಯಂತ್ರ. ಮದುವೆಯಾಗಿ ಮುಧೋಳಕ್ಕೆ ಹೋಗುವಾಗ ಅವಳು ಅದನ್ನು ತವರಿನಲ್ಲೇ ಬಿಟ್ಟು, ಜತೆಗೆ ತಾಯಿಗೆ ಚೌಕಳಿ ಚೌಕಳಿಯಾಗಿ ಬಣ್ಣ ತುಂಬುವ ವಿದ್ಯೆಯನ್ನೂ ಕಲಿಸಿಹೋಗಿದ್ದಳು. ಒಂದು ಚೌಕಳಿಗೆ ಒಂದು ಎಳೆ. ಇಂದ್ರವ್ವನಿಗೆ ಬೇಕಾಗಿದ್ದೂ ಅಷ್ಟೇ. ಮದುವೆಯಾದಂದಿನಿಂದ ಮನೆಯ ನಾಲ್ಕು ಪಾವರ್‌ಲೂಮುಗಳಲ್ಲಿ ಯಾರು ಯಾರೋ ಬರೆದುಕೊಟ್ಟ ಡಿಸೈನಿನ ಸೀರೆಗಳು ಇಳಿಯುವುದನ್ನು ಆಕೆ ನೋಡಿದ್ದಳು. ಈಗ ತಾನೇ ಒಂದು ಸೆರಗು ಬರೆದಿದ್ದಳು. ಅವಳ ತವರು ಗಲಗಲಿ, ಕೃಷ್ಣಾ ಹೊಳೆಯ ದಂಡೆ. ಹಾಗಾಗಿ ಸೆರಗಿನ ಮೇಲೆ ಐದು ಸಾಲು ಮೀನು. ಇಪ್ಪತ್ತು ದಿನ ಮಧ್ಯಾಹ್ನದ ನಿದ್ದೆ ಬಿಟ್ಟು ಮಾಡಿದ ಕೆಲಸ. ಅದನ್ನು ನೋಡಲು ರಬಕವಿಯ ಸೀರೆ ವ್ಯಾಪಾರಿ ರೇವಪ್ಪ ಶುಕ್ರವಾರ ಬರುವವರಿದ್ದರು. ಅವರು ಒಪ್ಪಿದರೆ ನಾಲ್ಕೂ ಮಗ್ಗಗಳ ಮೇಲೆ ಇಂದ್ರವ್ವನ ಮೀನು ಈಜುತ್ತವೆ. ಒಪ್ಪದಿದ್ದರೆ ಮತ್ತೆ ಯಾರದೋ ಹೂವು, ಯಾರದೋ ಬಳ್ಳಿ.

ಇಂದ್ರವ್ವ ಬಸುರಿಯಾಗಿದ್ದ ಅಕ್ಕನ ಮಗಳ ಕುಬಸಕ್ಕೆಂದು ಬುಧವಾರ ಬೆಳಿಗ್ಗೆ ಗಲಗಲಿಗೆ ಹೊರಟಳು. "ನಾಳಿ ಸಂಜಿಕ್ ಬರ್ತೇನಿ. ಲ್ಯಾಪ್‌ಟಾಪ್ ಮುಟ್ಟಬ್ಯಾಡ್ರಿ," ಎಂದಳು. ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಬಂದು, "ಮುಟ್ಟಬ್ಯಾಡ್ರಿ ಅಂದ್ನಿ," ಎಂದಳು.

ಹೊಳಬಸಪ್ಪನವರ ತಲೆಯಲ್ಲಿ ಆ ದಿವ್ಯ ಆಲೋಚನೆ ಹುಟ್ಟಿದ್ದೇ ಆ ಎರಡನೆಯ ಸಲಕ್ಕೆ.

ಆಲೋಚನೆ ಕೆಟ್ಟದ್ದಲ್ಲ. ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಬಟನ್ ಒತ್ತಿ, ಸ್ನಾನ ಮಾಡಿ, ಪೂಜೆ ಮುಗಿಸಿ, ರೊಟ್ಟಿ ತಿಂದು ಬಂದರೆ ಅದು ಆಗ ತಾನೇ ಕಣ್ಣು ಬಿಡುತ್ತಿರುತ್ತಿತ್ತು. ರೇವಪ್ಪನವರನ್ನು ಅಷ್ಟು ಹೊತ್ತು ಕೂರಿಸುವುದು ಹೇಗೆ? ಅತ್ತ ಪರದೆಯ ಮೂಲೆಯಲ್ಲಿ ತಿಂಗಳಿಂದ ಒಂದು ಚೀಟಿ ಮೇಲೇಳುತ್ತಿತ್ತು: ಹೊಸ ಸಿಸ್ಟಮ್ ಬಂದಿದೆ, ಪುಕ್ಕಟೆ ಹಾಕಿಕೊಳ್ಳಿ. ಹೆಂಡತಿ ಬರುವಷ್ಟರಲ್ಲಿ ಯಂತ್ರ ಕುದುರೆಯಾಗಿರಬೇಕು. ಶುಕ್ರವಾರ ರೇವಪ್ಪನವರು ಸೆರಗನ್ನು ಹೊಗಳಿದರೆ ಅದರಲ್ಲಿ ತಮ್ಮದೂ ಒಂದು ಪಾಲು ಇರಬೇಕು. ಅವರಿಗೆ ಬೇಕಾಗಿದ್ದು ಇಷ್ಟೇ. ಮೂರು ತಲೆಮಾರಿನ ನೇಕಾರ, ಮನೆಯ ಮೊದಲ ಸ್ವಂತ ಡಿಸೈನಿಗೆ ತನ್ನ ಕೈ ಹತ್ತಲೇ ಇಲ್ಲವಲ್ಲ ಎಂದು ಅವರಿಗೆ ಒಳಗೊಳಗೇ ಸಂಕಟವಾಗಿತ್ತು.

ಹಾಗೆಂದು ಅವರು ಹುಂಬರಲ್ಲ. ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಗಂಟು ಹಾಕುವ ತನಕ ಹಳೆಯದನ್ನು ಮಗ್ಗದಿಂದ ಇಳಿಸಬಾರದೆಂಬುದು ಅಜ್ಜ ಕಲಿಸಿದ ಪಾಠ. ಅದರಂತೆ ಮೊದಲು ಒಂದು ಪೆನ್‌ಡ್ರೈವ್ ಚುಚ್ಚಿ, ಪರದೆಯ ಮೇಲೆ 'ಸೆರಗು' ಎಂಬ ಹೆಸರಿನಡಿ ಇದ್ದ ಚಿತ್ರವನ್ನು (ಅದರ ಮೂಲೆಯಲ್ಲೊಂದು ಚಿಕ್ಕ ಬಾಣವಿತ್ತು, ಶೋಭೆಗೆ ಇರಬೇಕೆಂದುಕೊಂಡರು) ಅದರೊಳಕ್ಕೆ ಇಳಿಸಿಕೊಂಡರು. ಪೆನ್‌ಡ್ರೈವನ್ನು ಅಂಗಿಯ ಒಳಜೇಬಿಗೆ ಹಾಕಿ ಗುಂಡಿ ಹಚ್ಚಿದರು. ಆಮೇಲೆ, ಬಸವಣ್ಣನನ್ನು ನೆನೆದು ಚೀಟಿಯನ್ನು ಒತ್ತಿದರು.

ಚಕ್ರ ತಿರುಗಲು ಹತ್ತಿತು. ಐದು ಪರ್ಸೆಂಟ್. ಹನ್ನೊಂದು. ಇಪ್ಪತ್ತು. ಹೊಳಬಸಪ್ಪನವರು ಮಗ್ಗದ ಮನೆಗೂ ಪಡಸಾಲೆಗೂ ಮದುಮಗನ ಅಪ್ಪನಂತೆ ಓಡಾಡಿದರು. ಮೂವತ್ತೆರಡಕ್ಕೆ ಬಂದು ಅಂಕಿ ನಿಂತಿತು.

ಅರ್ಧ ತಾಸಾಯಿತು, ಮೂವತ್ತೆರಡು. ಒಂದು ತಾಸಾಯಿತು, ಮೂವತ್ತೆರಡು. ಮಗ್ಗ ನಡೆಸುವ ಧರೆಪ್ಪನನ್ನು ಕರೆದು ತೋರಿಸಿದರು. ಧರೆಪ್ಪ ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಆಲಿಸಿದ.

"ಅಣ್ಣಾ, ಚಕ್ರ ತಿರಗಾಕತ್ತೈತಿ, ಅರಬಿ ಬೆಳ್ಯಾಕತ್ತಿಲ್ಲ."

ಇದು ಯಾವ ನೇಕಾರನಿಗೂ ಗೊತ್ತಿರುವ ರೋಗ. ಮಗ್ಗ ಓಡುತ್ತಿದೆ, ಬಟ್ಟೆ ಮುಂದೆ ಸರಿಯುತ್ತಿಲ್ಲ ಎಂದರೆ ಒಳಗೆ ಹೊಕ್ಕಿನ ಎಳೆ ಹರಿದಿದೆ ಎಂದೇ ಅರ್ಥ. ಆಗ ಒಂದು ಕ್ಷಣ ತಡಮಾಡಿದರೂ ಲಾಳಿ ಅಡ್ಡಬಂದು ನೂರು ಎಳೆ ಹರಿಯುತ್ತವೆ. ಬನಹಟ್ಟಿಯಲ್ಲಿ ಹುಟ್ಟಿದ ಕೈ ಅಂಥ ಹೊತ್ತಿನಲ್ಲಿ ತಲೆಯನ್ನು ಕೇಳುವುದಿಲ್ಲ. ಹೊಳಬಸಪ್ಪನವರ ಕೈಯೂ ಕೇಳಲಿಲ್ಲ. ಅದು ತಾನಾಗಿ ಹೋಗಿ ವಾಯರನ್ನು ಕಿತ್ತಿತು. ಬ್ಯಾಟರಿ ಸತ್ತು ಎರಡು ವರ್ಷವಾಗಿದ್ದ ಲ್ಯಾಪ್‌ಟಾಪು ಅಲ್ಲೇ ಕಪ್ಪಗಾಯಿತು.

"ಛಲೋ ಮಾಡಿದ್ರಿ," ಎಂದು ಧರೆಪ್ಪ ಸಮಾಧಾನದ ಉಸಿರು ಬಿಟ್ಟ.

ಮತ್ತೆ ವಾಯರು ಚುಚ್ಚಿದಾಗ ಛಲೋ ಆಗಿರಲಿಲ್ಲ. ಯಂತ್ರ ಎದ್ದಿತು, ಇಂಗ್ಲಿಷಿನಲ್ಲಿ ಏನೋ ಕ್ಷಮೆ ಕೇಳಿತು, ಆರಿತು. ಮತ್ತೆ ಎದ್ದಿತು, ಕ್ಷಮೆ ಕೇಳಿತು, ಆರಿತು. ಹತ್ತೊಂಬತ್ತು ಸಲ ಹೀಗಾಯಿತು. ಇಬ್ಬರೂ ಸೇರಿ ಚಿಕಿತ್ಸೆಗೆ ತೊಡಗಿದರು. ಬ್ಯಾಟರಿ ಬಿಚ್ಚಿ ಅಂಗಿಗೆ ಉಜ್ಜಿ ಹಾಕಿದರು. ಮಗುಚಿ ಬೆನ್ನು ತಟ್ಟಿದರು. ತಂಪು ಹತ್ತಿರಬೇಕೆಂದು ಅಂಗಳದ ಬಿಸಿಲಿಗಿಟ್ಟರು. ಕಾವು ಏರಿತೆಂದು ನೀರಿನ ಕೊಡದ ಪಕ್ಕಕ್ಕೆ ತಂದರು.

"ಒಂದ್ ಹನಿ ಎಣ್ಣಿ ಬಿಡೂನೇನು?" ಎಂದ ಧರೆಪ್ಪ.

ಹೊಳಬಸಪ್ಪನವರು ಬೈಯಬೇಕಿತ್ತು. ಬದಲಿಗೆ, "ಎಲ್ಲಿ ಬಿಡ್ತಿ, ತೂತು ತೋರಸು," ಎಂದರು. ಅವರ ಸ್ಥಿತಿ ಅಲ್ಲಿಗೆ ಬಂದಿತ್ತು.

"ಶ್ರೀದೇವವ್ವಗ ಫೋನರ ಮಾಡ್ರಿ."

"ಆಕಿ ಫೋನ್ ಇಡೂದ್ರಾಗ ಗಲಗಲಿಗೆ ಸುದ್ದಿ ಮುಟ್ಟತೈತಿ. ಸುಮ್ಕಿರು."

ಗುರುವಾರ ಬೆಳಿಗ್ಗೆ ಅವರು ಲ್ಯಾಪ್‌ಟಾಪನ್ನು ಅದರ ನೀಲಿ ಗವಸಣಿಗೆಗೆ ತುರುಕಿ, ಹೆಗಲಿಗೇರಿಸಿ ಜಮಖಂಡಿಯ ಬಸ್ಸು ಹತ್ತಿದರು. ಗವಸಣಿಗೆಯ ಮೇಲೆ ಬಿಳಿ ದಾರದಲ್ಲಿ ಹುಳದಂಥ ಏನೇನೋ ಚಿತ್ತಾರ. ದೊಡ್ಡ ಗಂಡಸು ಇದನ್ನು ಹೆಗಲಿಗೆ ಹಾಕಿಕೊಂಡು ತಿರುಗುವುದೇ ಎಂದು ಅವರಿಗೆ ನಾಚಿಕೆಯಾಗಿ, ಚಿತ್ತಾರವಿದ್ದ ಮಗ್ಗುಲನ್ನು ಮೈಕಡೆಗೆ ತಿರುಗಿಸಿಕೊಂಡರು.

ಕಂಪ್ಯೂಟರ್ ರಿಪೇರಿಯ ಶಶಿಕಾಂತ ಅರ್ಧ ತಾಸು ನೋಡಿದ. ಆ ಹೊತ್ತಿನಲ್ಲಿ ಬಂದ ಚಹಾವನ್ನು ಹೊಳಬಸಪ್ಪನವರು ಗಾಬರಿಯಲ್ಲಿ ಮೇಜಿನ ಮೇಲೆಲ್ಲ ಚೆಲ್ಲಿದರು. ಅದು ಯಂತ್ರದ ಕಡೆಗೆ ಹರಿಯುತ್ತಿದ್ದುದನ್ನು ಕಂಡು, ಕೈಗೆ ಸಿಕ್ಕ ಗವಸಣಿಗೆಯ ಅಂಚಿನಿಂದ ಒತ್ತಿ ಒರೆಸಿದರು. ಅಂತೂ ಅದೊಂದು ಉಪಯೋಗಕ್ಕೆ ಬಂತಲ್ಲ ಎಂದೂ ಅಂದುಕೊಂಡರು.

"ನಡಬರಕ ಕರೆಂಟ್ ಹೋಗಿತ್ತೇನ್ರಿ, ಕಾಕಾರ?"

"ಹೂಂ. ಹೋಗಿತ್ತು," ಎಂದರು ಹೊಳಬಸಪ್ಪನವರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ಕರೆಂಟಿನ ಮೇಲೆ ಪ್ರೀತಿ ಹುಟ್ಟಿತು.

"ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ. ಒಳಗ ಬೇಕಾದ್ದು ಏನರ ಐತೇನ?"

ಹೊಳಬಸಪ್ಪನವರು ಒಳಜೇಬಿನ ಗುಂಡಿ ಮುಟ್ಟಿ ನೋಡಿಕೊಂಡು ನಕ್ಕರು. "ನಾವು ನೇಕಾರ ಮಂದಿ ತಮ್ಮಾ. ಗಂಟ್ ಹಾಕದ ಕತ್ತರ್ಸಂಗಿಲ್ಲ. ಎಲ್ಲಾ ಅಳಸು."

ಶಶಿಕಾಂತ ಎಲ್ಲಾ ಅಳಿಸಿದ. ಮೂರು ತಾಸಿಗೆ ಯಂತ್ರ ಹೊಸ ಸಿಸ್ಟಮ್ ಹೊದ್ದು, ಬಟನ್ ಒತ್ತಿದ ಗಳಿಗೆಗೆ ಕಣ್ಣು ಬಿಟ್ಟಿತು. ಹೊಳಬಸಪ್ಪನವರು ಗುಂಡಿ ಬಿಚ್ಚಿ ಪೆನ್‌ಡ್ರೈವನ್ನು ಗರ್ಭಗುಡಿಯಿಂದ ಮೂರ್ತಿ ತೆಗೆಯುವಂತೆ ತೆಗೆದು ಕೊಟ್ಟರು. ಶಶಿಕಾಂತ ಚುಚ್ಚಿದ. 'ಸೆರಗು' ಒತ್ತಿದ. ಏನೂ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿ, ತಲೆ ಕೆರೆದುಕೊಂಡ.

"ಕಾಕಾರ, ಇದು ಬರೇ ಶಾರ್ಟ್‌ಕಟ್ ಐತ್ರಿ. ಈ ಬಾಣದ ಗುರ್ತು ಕಂಡ್ರೇನು? ಮನಿ ಇತ್ತಲಾಗ ಐತಿ ಅಂತ ದಾರಿ ತೋರ್ಸೋ ಫಲಕ ಇದು. ಮನಿ ಅಲ್ಲ."

"ಮತ್ತ ಮನಿ ಎಲ್ಲೈತಿ?"

"ಮನೀನ ಈಗ ಅಳಿಸಿದೆವಲ್ರಿ."

ಬಸ್ಸಿನಲ್ಲಿ ಹೊಳಬಸಪ್ಪನವರು ಕಿಟಕಿಯ ಪಕ್ಕ ಕೂತು ನಿಜವಾಗಿಯೂ ಅತ್ತರು. ಹೆಂಡತಿ ಮಾಡುವ ಜಗಳ ನೆನೆದಲ್ಲ. ಅದಕ್ಕೆ ಅವರ ಮೈ ಪಳಗಿತ್ತು. ಮಧ್ಯಾಹ್ನದ ಹೊತ್ತು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಒಂದೊಂದೇ ಚೌಕಳಿ ತುಂಬುತ್ತಾ ತುಟಿಯಲ್ಲೇ ಎಣಿಸುತ್ತಿದ್ದ ಇಂದ್ರವ್ವ ಕಣ್ಣಿಗೆ ಕಟ್ಟಿದಳು. ಆಕೆ ಅವರನ್ನು ಎಂದೂ ಏನೂ ಕೇಳಿದವಳಲ್ಲ. ಕೇಳಿದ್ದು ಒಂದೇ, ಮುಟ್ಟಬೇಡಿರಿ ಎಂದು. ಅವರು ಗವಸಣಿಗೆಯಿಂದಲೇ ಕಣ್ಣು ಒರೆಸಿಕೊಂಡರು, ಮೂಗನ್ನೂ ಒರೆಸಿಕೊಂಡರು. ಪಕ್ಕದಲ್ಲಿದ್ದ ಹುನ್ನೂರಿನ ಮುದುಕಿಯೊಬ್ಬಳು ಯಾರನ್ನೋ ಮಣ್ಣು ಮಾಡಿ ಬಂದವರಿರಬೇಕೆಂದು ತಿಳಿದು ನಿಟ್ಟುಸಿರು ಬಿಟ್ಟಳು.

ಮನೆಗೆ ಬಂದರೆ ಇಂದ್ರವ್ವ ಆಗಲೇ ಬಂದು ಪಡಸಾಲೆಯಲ್ಲಿ ಕುಬಸದ ಬುತ್ತಿ ಬಿಚ್ಚುತ್ತಾ ಕೂತಿದ್ದಳು. ಧರೆಪ್ಪ ಮಗ್ಗದ ಮನೆಯಲ್ಲಿ ಕಾಣದಷ್ಟು ಬಾಗಿ ಕೆಲಸ ಮಾಡುತ್ತಿದ್ದ. ಅಂದರೆ ಎಲ್ಲ ಹೇಳಿಯಾಗಿತ್ತು.

"ಎಷ್ಟಕ್ಕ ನಿಂತಿತ್ತಂತ?" ಎಂದಳು ಇಂದ್ರವ್ವ.

"ಮೂವತ್ತೆರಡಕ್ಕ."

"ಕಿತ್ತವರು?"

"ನಾನ."

"ಮೀನು?"

ಹೊಳಬಸಪ್ಪನವರು ಗವಸಣಿಗೆಯನ್ನು ಎದೆಗೆ ಅವಚಿಕೊಂಡು ನಿಂತರು. "ಹೋದ್ವು. ಐದೂ ಸಾಲು ಹೋದ್ವು. ತಪ್ಪಾತು. ನಿನ್ನ ನಿದ್ದಿ ಎಲ್ಲಾ ನಾ ಅಳಿಸಿ ಬಂದೆ. ನಾಳಿ ರೇವಪ್ಪನವ್ರ ಕಾಲಿಗೆ ಬೀಳ್ತೇನಿ, ಇನ್ನೊಂದ್ ತಿಂಗಳ ತಡೀರಿ ಅಂತ."

ಇಂದ್ರವ್ವ ಗಂಡನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ನೋಟ ಎದೆಯ ಹತ್ತಿರ ನಿಂತಿತು.

"ಆ ಕೈಯಾಗ ಏನೈತ್ರಿ?"

"ಗವಸಣಿಗಿ."

"ಅದರ ಮ್ಯಾಲ?"

ಹೊಳಬಸಪ್ಪನವರು ನೋಡಿದರು. ಹುಳಕ್ಕೆ ಬಾಲವಿತ್ತು. ಕಣ್ಣಿತ್ತು. ಹುಳಗಳು ಐದು ಸಾಲಾಗಿ, ಒಂದೇ ದಿಕ್ಕಿಗೆ ಈಜುತ್ತಿದ್ದವು.

"ಮೊದಲ ಸೂಜೀಲೆ ಎಳಿ ಎಣಿಸಿ ಅರಬಿ ಮ್ಯಾಲ ಹಾಕಿದೆ. ಆಮ್ಯಾಲ ಅದನ್ನ ನೋಡ್ಕೋತ ಕಂಪ್ಯೂಟರಿಗೆ ಇಳಿಸಿದೆ. ಇಪ್ಪತ್ತ ದಿನ ನಿಮ್ಮ ಕಣ್ಣ ಮುಂದ ಇತ್ತು. ಒಂದಿನ ತೋರ್ಸಿದ್ರ ಪೇಪರ್ ಓದ್ಕೋತ 'ಹೂಂ, ಛಲೋ ಐತಿ' ಅಂದ್ರಿ."

ಅರಿವೆಯನ್ನು ಮುಟ್ಟಿಯೇ ಎಳೆ ಎಣಿಸುವ ಕೈ ಎಂದು ಓಣಿಯಲ್ಲಿ ಹೆಸರಾದ ಹೊಳಬಸಪ್ಪನವರು ಗೋಡೆಗೆ ಆತು ಕೂತರು. ಜಮಖಂಡಿಗೆ ಹೋಗಿ ಬರುವ ತನಕ ಸೆರಗನ್ನು ಹೆಗಲ ಮೇಲೇ ಹೊತ್ತುಕೊಂಡು, ಅದೇ ಸೆರಗು ಹೋಯಿತೆಂದು ಅದಕ್ಕೇ ಮೂಗು ಒರೆಸಿಕೊಂಡಿದ್ದರು. ಇಂದ್ರವ್ವ ಗವಸಣಿಗೆಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು. ಈಗ ಮಾತ್ರ ಅವಳ ಮುಖ ಕೆಟ್ಟಿತು.

"ಇದೇನ್ರಿ, ಕೆಳಗಿನ ಸಾಲು ಕೆಂಪಗಾಗೇತಿ?"

"ಚಾ," ಎಂದರು ಹೊಳಬಸಪ್ಪನವರು ಕ್ಷೀಣವಾಗಿ.

ತಿಕ್ಕಿದಳು, ಸಾಬೂನು ಹಚ್ಚಿದಳು, ನಿಂಬೆಹಣ್ಣು ಹಿಂಡಿದಳು. ಜಮಖಂಡಿಯ ಚಹಾ ಬಿಡಲಿಲ್ಲ.

ಶುಕ್ರವಾರ ರೇವಪ್ಪನವರು ಬಂದರು. ಲ್ಯಾಪ್‌ಟಾಪು ಗಳಿಗೆಯಲ್ಲಿ ತೆರೆದುಕೊಂಡಿತು, ಒಳಗೆ ತೋರಿಸಲು ಏನೂ ಇರಲಿಲ್ಲ. ಇಂದ್ರವ್ವ ಒದ್ದೆ ಆರದ ಗವಸಣಿಗೆಯನ್ನು ಅವರ ಮುಂದೆ ಹಾಸಿದಳು. ರೇವಪ್ಪನವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಹೊಳಬಸಪ್ಪನವರು ಕಣ್ಣು ಮುಚ್ಚಿಕೊಂಡರು.

"ನಾಕ್ ಸಾಲು ಬಿಳಿ ಆತು. ಈ ಐದನೇದಕ್ಕ ಈ ಬಣ್ಣ ಕೊಡಬೇಕಂತ ಯಾರಿಗೆ ಹೊಳೀತ್ರಿ, ತಾಯಿ? ಇಡೀ ಸೆರಗಿನ ಜೀವ ಇಲ್ಲೇ ಐತಿ."

ಇಂದ್ರವ್ವ ಗಂಡನ ಕಡೆ ನೋಡಿದಳು. "ಅದು ನಮ್ಮನಿಯವರ ಕೈಗುಣಾರಿ."

ನಾಲ್ಕೂ ಮಗ್ಗಗಳಿಗೆ ಮೀನು ಬಂದವು. ಸೆರಗಿನ ಡಿಸೈನಿನಲ್ಲಿ ಹೊಳಬಸಪ್ಪನವರಿಗೆ ಬೇಕಾಗಿದ್ದ ಪಾಲೂ ಸಿಕ್ಕಿತು. ಆದರೆ ಪ್ರತಿ ಸೆರಗಿಗೂ, ನಾಲ್ಕು ಸಾಲು ಬಿಳಿ ಮೀನು ಮುಗಿದ ಕೂಡಲೇ, ಓಡುವ ಮಗ್ಗ ನಿಲ್ಲಿಸಿ, ಲಾಳಿ ತೆಗೆದು, ಚಹಾ ಬಣ್ಣದ ದಾರದ ಲಾಳಿ ಹಾಕಬೇಕು. ಆ ಸಾಲು ಮುಗಿದರೆ ಮತ್ತೆ ನಿಲ್ಲಿಸಿ ಮತ್ತೆ ಬದಲಿಸಬೇಕು. ಅದು ಯಾರ ಕೈಗುಣವೋ ಅವರೇ ಮಾಡಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಹೀಗೆ ದಿನಕ್ಕೆ ಎಷ್ಟೋ ಸಲ ಹೊಳಬಸಪ್ಪನವರು ಸ್ವಿಚ್ ಆರಿಸುತ್ತಾರೆ. ಮಗ್ಗದ ಸದ್ದು ನಿಲ್ಲುತ್ತದೆ. ನಿಂತದ್ದೇ ತಡ, ಅಡುಗೆಮನೆಯಿಂದ ಇಂದ್ರವ್ವನ ದನಿ ಬರುತ್ತದೆ:

"ಎಷ್ಟ್ ಪರ್ಸೆಂಟ್ ಆತ್ರೀ?"