ಬೇವಿನ ತುದಿಯ ಮೂರು ಚಿಕ್ಕಿ

ಸರಸಂಬಾ ಊರಿನ ದಶರಥನಿಗೂ ಪಕ್ಕದ ಹೊಲದ ಖಾಜಾನಿಗೂ ಒಂದೇ ಬಾವಿ. ರಾತ್ರಿ ಹನ್ನೆರಡರವರೆಗೆ ಖಾಜಾನ ಪಾಳಿ, ಆಮೇಲೆ ದಶರಥನದು. ಒಬ್ಬರ ಗಡಿಯಾರವನ್ನು ಇನ್ನೊಬ್ಬರು ನಂಬದೆ ಜಗಳವಾದಾಗ, ದಶರಥನ ನೆರೆಮನೆಯ ಮುದುಕ ಮಲ್ಕಪ್ಪನ ಮಾತೇ ಕೊನೆ ಎಂದು ತೀರ್ಮಾನವಾಯಿತು. ಅವನು ಅಂಗಳದಲ್ಲಿ ನಿಂತು ಆಕಾಶದ ಚಿಕ್ಕಿಗಳತ್ತ ಮುಖವೆತ್ತಿ ಹೊತ್ತು ಹೇಳುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ.

ಊರೆಲ್ಲ ಅವನನ್ನು ಹೊಗಳಿತು. ದಶರಥನ ಹೆಂಡತಿ ಹೀರಾಬಾಯಿಯೂ ಮಲ್ಕಪ್ಪ ಕಾಕಾ ತಪ್ಪುವುದಿಲ್ಲ ಎನ್ನುತ್ತಿದ್ದಳು. ಡಿಗ್ರಿ ಓದಿದ ದಶರಥನ ಹೊಟ್ಟೆ ಒಲೆಯ ಮೇಲೆ ಮರೆತ ಹೆಂಚಿನಂತೆ ಕಾಯತೊಡಗಿತು.

ಎಳ್ಳಮಾಸಿ ಹಬ್ಬದ ಆಸುಪಾಸಿನ ಒಂದು ರಾತ್ರಿ, ಮೊಬೈಲಿನಲ್ಲಿ ಸರಿಯಾಗಿ ಹನ್ನೆರಡಾದಾಗ, ಸಾಲಾಗಿ ನಿಂತ ಮೂರು ಚಿಕ್ಕಿ ಬಾವಿಕಟ್ಟೆಯ ಬೇವಿನ ತುದಿಗೆ ಬಂದದ್ದನ್ನು ಅವನು ಗುರುತಿಟ್ಟುಕೊಂಡ. ಮುದುಕನ ವಿದ್ಯೆ ಇಷ್ಟೇ ಎಂದು ಮನಸ್ಸಿನಲ್ಲೇ ನಕ್ಕ.

ತಿಂಗಳಾದ ಮೇಲೆ ಮಲ್ಕಪ್ಪ ಜ್ವರ ಬಂದು ಮಲಗಿದ. ಇವತ್ತಿನ ಹೊತ್ತು ತಾನೇ ಹೇಳುವುದಾಗಿ ದಶರಥ ಹೋಟೆಲಿನಲ್ಲಿ ಸಾರಿದ. ನೋಡಲು ಏಳೆಂಟು ಜನ ಬಾವಿಗೆ ಬಂದರು. ಚಿಕ್ಕಿಗಳು ಬೇವಿನ ತುದಿ ಮುಟ್ಟಿದ್ದೇ ತಡ, ಅವನು ಖಾಜಾನ ಮೋಟಾರು ಬಂದ್ ಮಾಡಿ ತನ್ನ ಕಡಲೆಗೆ ನೀರು ತಿರುಗಿಸಿದ. ಬಂದವರು ಮೊಬೈಲ್ ತೆಗೆದರು. ಎಲ್ಲದರಲ್ಲೂ ಹತ್ತು ಗಂಟೆ.

"ದಶರಥಣ್ಣ, ನಿಮ್ಮ ಚಿಕ್ಕಿ ಊಟ ಬಿಟ್ಟು ಓಡಿ ಬಂದಾವೇನ್ರಿ?" ಎಂದು ಖಾಜಾ ಮೆಲ್ಲಗೆ ಕೇಳಿದ. ತಪ್ಪಿಗೆ ದಶರಥನ ಆ ರಾತ್ರಿಯ ಪಾಳಿಯೂ ಖಾಜಾನ ಪಾಲಾಯಿತು.

ಬೆಳಿಗ್ಗೆ ದಶರಥ ಮಾನ ಬಿಟ್ಟು ಮಲ್ಕಪ್ಪನ ಹಾಸಿಗೆಯ ಬಳಿ ಕೂತ. ಚಿಕ್ಕಿಗಳು ದಿನಾ ಚೂರುಚೂರೇ ಮೊದಲು ಬಂದು, ತಿಂಗಳಿಗೆ ಎರಡು ತಾಸು ಮುಂದಾಗುತ್ತವೆಂದು ಮುದುಕ ತಿಳಿಸಿದ. ನನಗೂ ಕಲಿಸಿರಿ ಎಂದು ದಶರಥ ಗೋಗರೆದ.

ಮಲ್ಕಪ್ಪ ದನಿ ತಗ್ಗಿಸಿದ. "ನನ್ನ ಕಣ್ಣಿಗೆ ಪೊರಿ ಬಂದು ಎರಡು ವರ್ಷ ಆತು. ನಿನ್ನ ಹೀರಾಬಾಯಿ ಗ್ವಾಡಿ ಆಚಿಂದ ಹೇಳತಾಳ, ನಾ ಬರೀ ಮುಖ ಎತ್ತತೇನಿ. ಅವರಪ್ಪ ಕುರಿ ಕಾಯುವಾಗ ಆಕಿಗೆ ಕಲಿಸ್ಯಾನ."

ದಶರಥ ಮನೆಗೆ ಓಡಿ, ತನಗೇಕೆ ಹೇಳಲಿಲ್ಲವೆಂದು ಕೂಗಾಡಿದ.

"ನೀವು ಯಾವತ್ತು ಕೇಳೀರಿ?" ಎಂದಳು ಹೀರಾಬಾಯಿ.

ಮುದುಕನ ಹೆಸರಾದರೂ ಕೆಡಲಿ ಎಂದು ಅವನು ಹೋಟೆಲಿಗೆ ಹೋಗಿ ಗುಟ್ಟೆಲ್ಲ ಬಿಚ್ಚಿಟ್ಟ. ಮುದುಕನನ್ನು ಯಾರೂ ಬೈಯಲಿಲ್ಲ. ಕತ್ತಲಾಗುತ್ತಲೇ ಅರ್ಧ ಊರು ಹೀರಾಬಾಯಿಯನ್ನು ನೋಡಲು ದಶರಥನ ಅಂಗಳಕ್ಕೇ ಬಂತು. ಬಂದವರಿಗೆಲ್ಲ ಕುರ್ಚಿ ಹಾಕಿ ಅವನ ಸೊಂಟ ಬಿದ್ದುಹೋಯಿತು. ಕೊನೆಗೆ, ರಾತ್ರಿ ಬಹಳವಾದ ಮೇಲೆ, ತನ್ನ ಪಾಳಿ ಬಂತೇ ಎಂದು ಹೆಂಡತಿಯನ್ನು ತಗ್ಗಿದ ದನಿಯಲ್ಲಿ ಕೇಳಿದ.

ಆಕೆ ಆಕಾಶ ನೋಡಿದಳು.

"ಖಾಜಾಂದು ಇನ್ನೂ ಅರ್ಧ ತಾಸು ಅದ. ಕುಂದರ್ರಿ."