ಒರಿಜಿನಲ್ಲೋ, ಬಳಿದದ್ದೋ?

ಪೀಣ್ಯದಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟ ನನಗೆ ನಗುವಿಗೇನೂ ಬರವಿರಲಿಲ್ಲ. ಎಂಬತ್ತರ ದಶಕದ ಮಾತು. ಬೆಳಗಾದರೆ ಯಾರಾದರೊಬ್ಬರು ಹಳೇ ವಾಚು ಹಿಡಿದು ಬಂದು, "ಡಯಲ್ ಒರಿಜಿನಲ್ಲಾ, ಇಲ್ಲಾ ಮೇಲೆ ಬಣ್ಣ ಬಳಿದಿದ್ದಾರಾ?" ಅಂತ ಕೇಳುತ್ತಿದ್ದರು. ನನಗೆ ಒಳಗಿನ ಯಂತ್ರ ಗೊತ್ತು, ಮುಖ ಗೊತ್ತಿಲ್ಲ. ಮುಖ ಓದುವವಳು ನನ್ನ ಹೆಂಡತಿ. ಮದುವೆಗೆ ಮುಂಚೆ ಡಯಲ್ ಅಚ್ಚು ಹಾಕುವ ಕಾರ್ಖಾನೆಯಲ್ಲಿದ್ದವಳು. ಊಟದ ಡಬ್ಬಿ ತರುವವಳು ಹಾಗೇ ತೀರ್ಪನ್ನೂ ಕೊಟ್ಟು ಹೋಗುತ್ತಿದ್ದಳು. ಅವಳ ಕಣ್ಣಿಗೆ ನಾನು ಇವತ್ತಿಗೂ ಶರಣು. ನಾಲಿಗೆಗೆ ಮಾತ್ರ ಹೆದರುತ್ತೇನೆ.

ಎರಡನೇ ಸಂಬಂಧ

ಚಂದಾಪುರದಿಂದ ಬಂದ ಹಿರಿಯರೊಬ್ಬರು, "ಅಪ್ಪಟ ಒರಿಜಿನಲ್" ಅಂತ ವಾಚು ಮುಂದಿಟ್ಟರು. ಇವಳು ಒಂದೇ ನೋಟಕ್ಕೆ, "ಬಳಿದದ್ದು" ಅಂದಳು.

"ಹೇಗಮ್ಮ ಹೇಳ್ತೀಯ?"

"ಕತ್ತಲಲ್ಲಿ ಹೊಳೆಯೋ ಬಣ್ಣ ನೋಡಿ ಸಾರ್. ಮುಳ್ಳಿನ ಮೇಲಿಂದು ಮಾಸಿದೆ, ಅಂಕಿ ಮೇಲಿಂದು ಹೊಸದು. ಗಂಡ ಮುದುಕ, ಹೆಂಡತಿ ಹುಡುಗಿ ಆದ್ರೆ ಎರಡನೇ ಸಂಬಂಧ ಅಂತ ಗೊತ್ತಾಗಲ್ವಾ?"

ಹಿರಿಯರು ವಾಚನ್ನು ಜೇಬಿಗಿಳಿಸಿದರು. ಅವರ ಬೆನ್ನ ಹಿಂದಿನಿಂದ ಎಳೆಯ ಹೆಣ್ಣುದನಿ ಬಂತು: "ಹೌದಕ್ಕ, ಎರಡನೇದೇ."

ಬಿಟ್ಟುಹೋದ ಅಕ್ಷರ

ಅತ್ತಿಬೆಲೆ ಕಡೆಯ ರೈತರೊಬ್ಬರ ವಾಚಿನೊಳಗೆ ಸದಾ ನೀರು. ನಾನು ಎಷ್ಟು ಒಣಗಿಸಿದರೂ ಮತ್ತೆ ಆವಿ ಕಟ್ಟುತ್ತಿತ್ತು. ಇವಳು ಡಯಲ್ ನೋಡಿ ನಕ್ಕಳು. "ಇದು ಕೈಯಲ್ಲಿ ಬರೆದದ್ದು ಕಣ್ರೀ. ವಾಟರ್‌ಪ್ರೂಫ್ ಅಂತ ಬರೆಯೋಕೆ ಹೋಗಿ ವಾಟರ್‌ಪೂಫ್ ಅಂತ ಬರೆದವ್ನೆ, ಒಂದಕ್ಷರ ಬಿಟ್ಟುಬಿಟ್ಟಿದ್ದಾನೆ."

ರೈತರು ತೊಡೆ ತಟ್ಟಿದರು. "ಅಂಗೇಳಿ ಮತ್ತೆ! ಆ ಸಂದಿನಾಗೇ ನೀರು ನುಗ್ತಾ ಐತೆ!"

ಕೆಂಪು ಚುಕ್ಕೆ

ನಮ್ಮ ಅಂಗಡಿ ಇದ್ದದ್ದು ಲಗ್ಗೆರೆಯ ಗೌಡರೊಬ್ಬರ ಕಟ್ಟಡದಲ್ಲಿ. ಮಗಳ ಮದುವೆ ಗೊತ್ತಾದಾಗ ಗೌಡರು ತಮ್ಮ ತಂದೆ ಕಾಲದ ವಾಚನ್ನು ಅಳಿಯನಾಗುವ ಹುಡುಗನಿಗೆ ಕೊಟ್ಟರು. ಗಂಡಿನ ತಂದೆ ವಾಚಿನ ಹುಚ್ಚಿನವರು. ಮಾರನೇ ದಿನವೇ ಗೌಡರನ್ನು ಕರೆದುಕೊಂಡು ಅಂಗಡಿಗೆ ಬಂದರು.

"ಈ ಕಂಪನಿ ಡಯಲ್‌ನಲ್ಲಿ ಹನ್ನೆರಡರ ಮೇಲೆ ಕೆಂಪು ಚುಕ್ಕೆ ಇರೋದೇ ಇಲ್ಲ. ಬಳಿದ ವಾಚು ಕೊಡೋ ಮನೆಯವರು ಇನ್ನೇನೇನು ಮುಚ್ಚಿಟ್ಟಿದ್ದಾರೋ! ಬಳಿದದ್ದು ಅಂತಾದ್ರೆ ಈ ಸಂಬಂಧ ಬೇಡ."

ಗೌಡರ ಮುಖ ಕಪ್ಪಿಟ್ಟಿತು. ಆ ಹುಡುಗಿ ನಮ್ಮ ಕಣ್ಣೆದುರೇ ಬೆಳೆದವಳು. ನನಗೆ ನಿಜವಾಗಿ ಸಂಕಟವಾಯಿತು. ಇವಳು ಡಬ್ಬಿ ಕೆಳಗಿಟ್ಟು ವಾಚು ತೆಗೆದುಕೊಂಡಳು.

"ಡಯಲ್ ಒರಿಜಿನಲ್. ಅಂಕಿಗಳೆಲ್ಲ ಅಚ್ಚಿನವು, ಕುಂಚ ಎತ್ತಿದ ಗುರುತೇ ಇಲ್ಲ."

"ಹಾಗಾದ್ರೆ ಚುಕ್ಕೆ?"

ನನ್ನ ಕೈಯಲ್ಲಿ ಗಾಜು ತೆಗೆಸಿದಳು. ಚುಕ್ಕೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ, ಮೂಸಿ ನೋಡಿ, ಕಣ್ಣಿಗೊತ್ತಿಕೊಂಡು ಹಣೆಗಿಟ್ಟುಕೊಂಡಳು. "ಕುಂಕುಮ!"

ಎಲ್ಲರೂ ಗೌಡರ ಕಡೆ ತಿರುಗಿದೆವು.

"ನಾನೇ ಇಟ್ಟಿದ್ದು, ಆಯುಧಪೂಜೆ ದಿನ," ಅಂದರು ಗೌಡರು. "ಗಾಜಿನ ಮ್ಯಾಲಿಟ್ರೆ ಉದುರೋಯ್ತದೆ ಅಂತ ಗಾಜು ತೆಗ್ಸಿ ಒಳಗೇ ಇಟ್ಟೆ. ನೀವು ಬಣ್ಣ ಬಣ್ಣ ಅಂತಿದ್ರಿ. ಕುಂಕುಮದ ಮಾತು ಯಾರು ಕೇಳಿದ್ರಿ?"

ಗಂಡಿನ ತಂದೆಗೆ ನಗು ತಡೆಯಲಾಗಲಿಲ್ಲ. "ಅಷ್ಟು ಮಾಡಿದವರು ನಿಂಬೆಹಣ್ಣು ಯಾಕೆ ಬಿಟ್ರಿ?"

ಗೌಡರು ಗಂಭೀರವಾಗಿಯೇ ಹೇಳಿದರು: "ಇಕ್ಕಿ ನೋಡ್ದೆ ಬೀಗ್ರೇ, ಗಾಜು ಮುಚ್ಚಕ್ಕಾಗ್ನಿಲ್ಲ."