ಅತ್ತೆಯ ಕಣ್ಣು, ನನ್ನ ಬಡತನ

ಬಡವನಾಗುವುದು ಇಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಗ ನಾನು ಬೇಗೂರಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಕೆಲಸಕ್ಕೆ ಸೇರಿದಂದಿನಿಂದ ಬಡತನ ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಹಾಗಾಗಿ ಸರ್ಕಾರದ ಮುಂದೆ ಅದನ್ನು ರುಜುವಾತು ಮಾಡುವುದು ಒಂದು ಬೆಳಗಿನ ಕೆಲಸ ಎಂದುಕೊಂಡಿದ್ದೆ.

ವಿಷಯ ನನ್ನ ಅತ್ತೆ ದೇವೀರಮ್ಮನವರ ಕಣ್ಣಿನದು. ಅವರು ಹರದನಹಳ್ಳಿಯವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಲೆಯ ಪಕ್ಕ ಮಲಗಿದ್ದ ಬೆಕ್ಕನ್ನು ಮಸಿಬಟ್ಟೆ ಎಂದು ಎತ್ತಿಕೊಂಡು ಪಾತ್ರೆ ಇಳಿಸಲು ಹೋದ ದಿನ, ನನ್ನ ಹೆಂಡತಿ ಶಿವಮ್ಮ ತಾಯಿಯನ್ನು ನಮ್ಮ ಮನೆಗೆ ಕರೆತಂದಳು. ಚಾಮರಾಜನಗರದ ಆಸ್ಪತ್ರೆಗೆ ಹೋದೆವು. ಆಪರೇಷನ್ ಮಾಡಿದರೆ ಕಣ್ಣು ಕಾಣುತ್ತದೆ, ತಡ ಮಾಡಿದರೆ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಬಡವರಿಗಾದರೆ ಹಾಸಿಗೆ, ಔಷಧಿ, ಕನ್ನಡಕ ಎಲ್ಲ ಧರ್ಮಕ್ಕೆ. ಉಳಿದವರು ಎಲ್ಲಕ್ಕೂ ದುಡ್ಡು ಕೊಡಬೇಕು.

"ತಾವು ಏನು ಮಾಡ್ಕೊಂಡಿದ್ದೀರಿ?" ಎಂದರು ಅಲ್ಲಿಯ ಗುಮಾಸ್ತರು.

"ಮೇಷ್ಟ್ರು."

"ಹಾಗಾದ್ರೆ ಸಂಬಳದಾರರು. ಬಡವರಲ್ಲ."

"ಸಂಬಳದಾರರಿಗೆ ಸರ್ಕಾರ ಏನೋ ಸಹಾಯ ಕೊಡುತ್ತಂತಲ್ಲ?"

"ಹೆಂಡತಿ ಮಕ್ಕಳಿಗೆ ಕೊಡುತ್ತೆ. ಅತ್ತೆಗಿಲ್ಲ."

ಅಂದರೆ ನಾನು ಬಡವನೂ ಅಲ್ಲ, ಶ್ರೀಮಂತನೂ ಅಲ್ಲ. ಅಳಿಯ!

ನನ್ನ ಮುಖ ನೋಡಿ ಅವರಿಗೇ ಕನಿಕರವಾಯಿತು. "ಗುಂಡ್ಲುಪೇಟೆಗೆ ಹೋಗಿ ಅಮಲ್ದಾರರಿಂದ ಬಡವರು ಅಂತ ಒಂದು ಸರ್ಟಿಫಿಕೇಟ್ ತನ್ನಿ, ನೋಡೋಣ" ಎಂದರು.

ಅಮಲ್ದಾರರೆಂದರೆ ತಾಲ್ಲೂಕಿಗೇ ದೊಡ್ಡವರು. ಅವರನ್ನು ಕಾಣುವುದು ಸಾಮಾನ್ಯವೇ? ಮದುವೆಯ ಕರಿ ಕೋಟು ತೊಟ್ಟೆ. ಜರಿ ಪೇಟ ಸುತ್ತಿದೆ. ಶಿವಮ್ಮ ಬಾಗಿಲಲ್ಲೇ ತಡೆದಳು.

"ಬಡವ ಅಂತ ಹೇಳ್ಕೊಳ್ಳಕ್ಕೆ ಹೋಗೋರು ಹಿಂಗಾ ಹೋಗೋದು?"

"ದೊಡ್ಡವರ ಹತ್ತಿರ ಮರ್ಯಾದೆಯಾಗಿ ಹೋಗಬೇಕು. ನಿನಗೆ ಗೊತ್ತಾಗಲ್ಲ" ಎಂದೆ.

ಅಮಲ್ದಾರರು ನನ್ನನ್ನು ಕಂಡೊಡನೆ ಎದ್ದು ನಿಂತು ಕುರ್ಚಿ ತೋರಿಸಿದರು. ನಾನು ಅದರಲ್ಲಿ ಆರಾಮವಾಗಿ ಕುಳಿತು, ತೀರಾ ನಿರ್ಗತಿಕನೆಂದು ಬಿನ್ನವಿಸಿಕೊಂಡೆ! ಅವರು ನನ್ನ ಪೇಟ ನೋಡಿದರು. ಪೇಟದ ಜರಿ ನೋಡಿದರು.

"ಕಂದಾಯ ನೋಡ್ಕೊಳ್ಳೋ ನಮ್ಮ ಶೇಕ್ದಾರರು ನಿಮ್ಮ ಮನೆಗೇ ಬಂದು ವಿಚಾರಿಸ್ತಾರೆ" ಎಂದರು.

ತಪ್ಪು ತಿಳಿಯಿತು. ಇನ್ನು ಎಚ್ಚರಿಕೆಯಿಂದಿರಬೇಕು ಎಂದುಕೊಂಡೆ. ಶೇಕ್ದಾರರು ಬರುವ ದಿನ ಬೆಳಿಗ್ಗೆಯೇ ಮನೆಯಲ್ಲಿದ್ದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಪಕ್ಕದ ಮನೆಯ ಬೆಲ್ಲದ ವ್ಯಾಪಾರಿ ಮಾದಪ್ಪನಿಗೆ ಒಪ್ಪಿಸಿದೆ.

"ಯಾಕ್ ಮೇಷ್ಟ್ರೇ?" ಎಂದ.

"ಶೇಕ್ದಾರರು ಬರ್ತಾರೆ, ಮಾದಪ್ಪ."

"ಓ, ಅಂಗಾ! ನೀವು ನಿಶ್ಚಿಂತೆಯಾಗಿ ಇಸ್ಕೂಲ್ಗೆ ಓಗಿ. ನಾನ್ ನೋಡ್ಕತೀನಿ, ಬುಡಿ."

ನಿಶ್ಚಿಂತೆಯಾಗಿ ಹೋದೆ. ಮಧ್ಯಾಹ್ನ ಬಂದು ನೋಡಿದರೆ ನಮ್ಮ ನಡುಮನೆಯಲ್ಲಿ ಮಾದಪ್ಪನ ಎರಡು ಬೆತ್ತದ ಕುರ್ಚಿ, ನೆಲಕ್ಕೆ ಜಮಖಾನ, ಮೂಲೆಯಲ್ಲಿ ಬೆಳ್ಳಿಯ ಪನ್ನೀರುದಾನಿ! ಜಮಖಾನದ ನಡುವೆ ಅತ್ತೆ ಮಹಾರಾಣಿಯ ಹಾಗೆ ಕುಳಿತಿದ್ದರು.

"ಆಪೀಸರು ಬರೋ ಮನೇಲಿ ಒಂದ್ ಕುರ್ಚಿ ಇಲ್ದಿದ್ರೆ ನಮ್ ಬೀದಿ ಮಾನ ಏನಾಯ್ತದೆ?" ಎಂದು ಮಾದಪ್ಪ ನಕ್ಕ. ಶಿವಮ್ಮ ಬೇಡವೆಂದರೂ ಅವನು ಕೇಳಿರಲಿಲ್ಲ.

ವಿವರಿಸಲು ಹೊತ್ತಿರಲಿಲ್ಲ. ಒಂದು ಕುರ್ಚಿ ತಲೆಯ ಮೇಲಿಟ್ಟುಕೊಂಡು ಹಿತ್ತಲಿಗೆ ಓಡಿದೆ. ಅದನ್ನು ಬೇಲಿಯಾಚೆ ದಾಟಿಸಿ, ಎರಡನೆಯದನ್ನು ತಲೆಗೇರಿಸುವಷ್ಟರಲ್ಲಿ ಮುಂಬಾಗಿಲಲ್ಲಿ ಯಾರೋ ಕೆಮ್ಮಿದರು. ಶೇಕ್ದಾರರು!

ಅವರ ಮುಂದೆ ತುಟಿ ಪಿಟಕ್ಕೆನ್ನಬಾರದೆಂದು ಅತ್ತೆಗೆ ಮೊದಲೇ ಹೇಳಿದ್ದೆ. ಆದರೆ ಕಣ್ಣು ಕಾಣದ ಅವರಿಗೆ ಬಂದದ್ದು ಶೇಕ್ದಾರರೆಂದು ತಿಳಿಯುವುದು ಹೇಗೆ? ಆ ಕೆಮ್ಮು ಕೇಳಿ, ಹಿರಿಯ ಮಗಳ ಮಾವ, ಸಂತೆಮರಹಳ್ಳಿಯ ಬೀಗರು ಬಂದರು ಎಂದುಕೊಂಡರು.

"ಏನಮ್ಮ, ನಿಮ್ಮ ಅಳಿಯ ಹೇಗಿದ್ದಾರೆ? ಸಂಸಾರ ನಡೆಯೋದು ಕಷ್ಟವೇ?" ಎಂದರು ಶೇಕ್ದಾರರು.

"ಕಷ್ಟವಾ!" ಅತ್ತೆ ಸೆಟೆದು ಕುಳಿತರು. "ನಮ್ ಅಳಿಮಯ್ಯಂಗೆ ಏನ್ ಕಮ್ಮಿ ಆಗದೆ? ಮನೇಲಿ ಹಾಲು ಮೊಸರು ಅರೀತದೆ. ನನ್ ಕಣ್ಣಿಗೆ ಮೈಸೂರಿಂದ ಡಾಕುಟ್ರನ್ನೇ ಕರಸ್ತೀನಿ ಅಂತಾವ್ರೆ. ದುಡ್ಡು ಅಂದ್ರೆ ಅವರಿಗೆ ಕಾಲ್ಕಸ!"

ಮದುವೆಯಾದಾಗಿನಿಂದ ಅತ್ತೆಯ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಅಂದು ಬಂತು. ಕಂದಾಯ ಇಲಾಖೆಯ ಸಮ್ಮುಖದಲ್ಲಿ ಬಂತು!

ನಾನು ಕುರ್ಚಿ ಹೊತ್ತು ಹಾಗೇ ನಿಂತಿದ್ದೆ.

"ಇಳಿಸಿ ಮೇಷ್ಟ್ರೇ, ಭಾರ ಇರಬಹುದು" ಎಂದರು ಶೇಕ್ದಾರರು. ಇಳಿಸಿದೆ. ಅವರು ಅದರಲ್ಲೇ ಕುಳಿತು, ಶಿವಮ್ಮ ಕೊಟ್ಟ ಕಾಫಿ ಕುಡಿದು, ನಾನು ಅನುಕೂಲಸ್ಥನೆಂದು ಬರೆದುಕೊಂಡು, ಪನ್ನೀರು ಹಾಕಿಸಿಕೊಂಡು ಹೊರಟರು.

ಬಂದಿದ್ದವರು ಯಾರೆಂದು ಹೇಳಿದಾಗ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬೀಗರ ಮುಂದೆ ನನ್ ಶಿವೀ ಮನೆ ಕೀಳಾಗಬಾರ್ದು ಅಂತ ಅಂದೆ ಕಣಪ್ಪಾ. ನನಗೆ ಆಪ್ರೇಸನ್ ಬ್ಯಾಡ, ಇಂಗೇ ಇರ್ತೀನಿ ಬುಡಿ" ಎಂದರು. ಶಿವಮ್ಮ ಮೊದಲು ನಕ್ಕಳು. ನಗುತ್ತಲೇ ಅತ್ತಳು. ನಾನು ಎರಡನ್ನೂ ಮಾಡಲಾರದೆ ಜಮಖಾನ ಸುತ್ತಿದೆ.

ಹಾಗೇ ಬಿಡಲಾಗುತ್ತದೆಯೇ? ಮಾದಪ್ಪನ ಮನೆಗೆ ಹೋಗಿದ್ದ ಪಾತ್ರೆಗಳು ತಿರುಗಿ ಬರದೆ ಅಲ್ಲಿಂದಲೇ ಮಾರಾಟಕ್ಕೆ ಪಾತ್ರೆ ಅಂಗಡಿ ಸೇರಿದವು. ಶಿವಮ್ಮನ ಬಳೆಗಳೂ ಹೋದವು. ಅತ್ತೆ ದುಡ್ಡು ಕೊಡುವವರ ವಾರ್ಡಿನಲ್ಲಿ ಅನುಕೂಲಸ್ಥರಾಗಿಯೇ ಮಲಗಿದರು. ಆಪರೇಷನ್ ಚೆನ್ನಾಗಿ ಆಯಿತು.

ಗಾಯ ಮಾಗಿ ದಪ್ಪ ಕನ್ನಡಕ ಬಂದ ದಿನ ಅವರನ್ನು ಬಸ್ಸಿನಲ್ಲಿ ಮನೆಗೆ ಕರೆತಂದೆವು. ನಡುಮನೆಯಲ್ಲಿ ನಿಂತು ಅತ್ತೆ ಸುತ್ತಲೂ ನೋಡಿದರು. ಗಾರೆ ಉದುರಿದ ಗೋಡೆ ನೋಡಿದರು. ಖಾಲಿ ಪಾತ್ರೆಗೂಡು ನೋಡಿದರು. ಮಗಳ ಬರಿಗೈ ನೋಡಿದರು. ಕೊನೆಗೆ ಕನ್ನಡಕ ಸರಿಮಾಡಿಕೊಂಡು, ನನ್ನ ಅಂಗಿಯ ತೇಪೆಗಳನ್ನು ಬಹಳ ಹೊತ್ತು ನೋಡಿದರು.

"ಅಲ್ಲ ಅಳಿಮಯ್ಯ, ಇಷ್ಟೊಂದು ಬಡತನ ಮಡಿಕ್ಕಂಡು ದುಡ್ ಕೊಟ್ ಯಾಕ್ ಆಪ್ರೇಸನ್ ಮಾಡ್ಸುದ್ರಿ? ಆ ಸೇಕ್ದಾರಂಗೆ ಸರಿಯಾಗಿ ಯೋಳಕ್ಕೂ ಬರ್ನಿಲ್ವಾ ನಿಮಗೆ?"

"ಬರಲಿಲ್ಲ, ಅತ್ತೆ" ಎಂದೆ.

ಊರಿನ ಮಕ್ಕಳಿಗೆಲ್ಲ ಮಾತು ಕಲಿಸುವ ಮೇಷ್ಟ್ರು ನಾನು!